ಗಂಟು ಮತ್ತೆ ಬರಲಿ

ಡಾಕ್ಟರು ಕಳ್ಳನ ಹಿಂಗಾಲಿನ ಮಂಡಿಯ ಹಿಂದೆ ಬೆರಳಿಟ್ಟು ಒತ್ತಿದರು. ಇನ್ನೊಂದು ಕಾಲಿಗೆ ಹೋದರು. ಮತ್ತೆ ಮೊದಲಿನದಕ್ಕೇ ಬಂದರು.

"ಗಂಟು ಎಲ್ಲಿ?"

"ಅಲ್ಲೇ ಇತ್ತಲ್ಲ ಮೇಡಂ. ಹೋದ ವಾರ ನೀವೇ ನೋಡಿದ್ರಿ."

ಕಳ್ಳ ನಮ್ಮ ಮನೆಯ ಫೆರೆಟ್. ಮುಂಗುಸಿಯ ದಾಯಾದಿಯಂತಿರುವ, ಉದ್ದ ಮೈಯ ಪ್ರಾಣಿ. ಸಿಕ್ಕಸಿಕ್ಕವರ ಕಾಲುಚೀಲ ಕದ್ದು ಸೋಫಾದ ಹೊಟ್ಟೆಗೆ ತುರುಕುವುದರಿಂದ ಆ ಹೆಸರು. ಹೋದ ವಾರ ಅದು ಊಟ ಬಿಟ್ಟಿತ್ತು, ಕದಿಯುವುದನ್ನೂ ಬಿಟ್ಟಿತ್ತು. ಎರಡೂ ಮಂಡಿಗಳ ಹಿಂದೆ ಕಡಲೆಕಾಳಿನಷ್ಟು ಗಂಟು. ಕ್ಯಾನ್ಸರ್ ಇರಬಹುದು, ಆದರೆ ಇರಬಹುದು ಅಂದುಕೊಂಡು ಔಷಧಿ ಶುರುಮಾಡುವುದಿಲ್ಲ ಎಂದಿದ್ದರು ಡಾಕ್ಟರು. ಸೋಂಕಿಗೂ ಹೀಗೇ ಊದುತ್ತದಂತೆ. ಗಂಟಿಗೆ ಸೂಜಿ ಚುಚ್ಚಿ ಎಳೆದರೆ ಬರೀ ಕೊಬ್ಬು ಬಂದು ಮೋಸವಾಗುತ್ತದೆ. ಗಂಟನ್ನೇ ಇಡಿಯಾಗಿ ತೆಗೆದು ಪರೀಕ್ಷೆಗೆ ಕಳಿಸಬೇಕು. ಅದಕ್ಕೇ ನಾನು ಕನ್ನಡಕದ ಅಂಗಡಿಗೆ ರಜೆ ಹಾಕಿ ಬಂದಿದ್ದೆ.

"ಸ್ಟಿರಾಯ್ಡ್ ಏನಾದ್ರೂ ಕೊಟ್ರಾ ಇದಕ್ಕೆ?"

"ಖಂಡಿತ ಇಲ್ಲ" ಎಂದೆ. ಹಿಂದೆ ನಿಂತಿದ್ದ ಅಣ್ಣ ಗಂಟಲು ಸರಿಮಾಡಿಕೊಂಡ.

ಅಣ್ಣ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವನು. ಊದಿದ ಕಾಲು, ಕಟ್ಟಿದ ಎದೆ, ತುರಿಕೆ, ಯಾವುದಕ್ಕೂ ಚೀಟಿ ಕೇಳದೆ ಮಾತ್ರೆ ಕೊಡುತ್ತಾನೆ. ಜನ ಅವನನ್ನೇ 'ಡಾಕ್ಟ್ರೇ' ಅನ್ನುತ್ತಾರೆ. ಅದು ತಲೆಗೇರಿದೆ.

"ಚೂರೇ ಚೂರು ಮೇಡಂ. ಐದು ದಿನ, ದಿನಕ್ಕೆ ಕಾಲು ಮಾತ್ರೆ. ಏಳೋಕಾಗ್ದೆ ಬಿದ್ದಿತ್ತು, ಪಾಪ. ಈಗ ನೋಡಿ, ಹೇಗೆ ಕುಣೀತಿದೆ!"

ಕಳ್ಳ ಆಗಲೇ ಡಾಕ್ಟರ ಪೆನ್ನಿಗೆ ಬಾಯಿ ಹಾಕಿತ್ತು.

ಡಾಕ್ಟರು ಕೈಗವಸು ಕಳಚಿ ಎಸೆದರು. "ಕ್ಯಾನ್ಸರ್ ಆಗಿದ್ರೂ ಕುಣಿಯುತ್ತೆ, ಬರೀ ಊತ ಆಗಿದ್ರೂ ಕುಣಿಯುತ್ತೆ. ಸ್ಟಿರಾಯ್ಡ್ ಕೊಟ್ರೆ ಗಂಟು ಎರಡರಲ್ಲೂ ಇಳಿಯುತ್ತೆ. ಈಗ ಕೊಯ್ದು ಕಳಿಸಿದ್ರೆ ಲ್ಯಾಬಿನವರಿಗೂ ತಲೆಬುಡ ತಿಳಿಯಲ್ಲ. ಕ್ಯಾನ್ಸರೇ ಆಗಿದ್ರೆ, ಮೊದಲೇ ಸ್ಟಿರಾಯ್ಡ್ ತಿಂದಿರೋದ್ರಿಂದ ಅದು ಆಮೇಲಿನ ಔಷಧಿಗೆ ಸುಲಭಕ್ಕೆ ಬಗ್ಗೋದೂ ಇಲ್ಲ. ಮಾತ್ರೆ ನಿಲ್ಲಿಸಿ ಕಾಯಿರಿ."

"ಯಾವುದಕ್ಕೆ?"

"ಗಂಟು ಮತ್ತೆ ಬರೋದಕ್ಕೆ."

ಮೆಟ್ಟಿಲಿಳಿಯುವಾಗಲೇ ಶುರುಮಾಡಿದೆ. "ಯಾರನ್ನ ಕೇಳಿ ಕೊಟ್ಟೆ?"

"ಒಳ್ಳೇದಕ್ಕೇ ಕೊಟ್ಟೆ ಕಣೇ."

"ನಿನ್ನ ಒಳ್ಳೇದಕ್ಕೆ ಬೆಂಕಿ ಹಾಕ! ಚುರುಕಾಯ್ತು ಅಂತ ನಾನು ಕುಣೀತಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲ!"

"ಹೇಳಿದ್ರೆ ಕೊಡೋಕೆ ಬಿಡ್ತಿದ್ಯಾ?"

"ಇಲ್ಲ!"

"ಅದಕ್ಕೇ ಹೇಳ್ಲಿಲ್ಲ."

ಕೈಯಲ್ಲಿ ಕಳ್ಳನ ಪೆಟ್ಟಿಗೆ ಇಲ್ಲದಿದ್ದರೆ ಅವತ್ತು ಅವನಿಗೆ ಬಾರಿಸುತ್ತಿದ್ದೆ.

ಮನೆಯಲ್ಲಿ ಅಮ್ಮ ಎಂದಿನಂತೆ ಮಗನ ಪಕ್ಷ. "ಗೆಲುವಾಗಿದೆಯಲ್ಲ, ಬಿಡೇ ಅತ್ಲಾಗೆ. ಒಡಹುಟ್ಟಿದವನ ಮೇಲೆ ಹೀಗಾ ಹಾರಾಡೋದು?"

ಮಾತ್ರೆ ನಿಂತಿತು. ದಿನಾ ಕೆಲಸಕ್ಕೆ ಹೊರಡುವ ಮೊದಲು ಕಳ್ಳನನ್ನು ತೊಡೆಯ ಮೇಲೆ ಮಲಗಿಸಿ ಮಂಡಿಯ ಹಿಂದೆ ಹೆಬ್ಬೆರಳಾಡಿಸುತ್ತಿದ್ದೆ. ಏನೂ ಸಿಗುತ್ತಿರಲಿಲ್ಲ. ಅದು ಅಣ್ಣನ ಕಾಲುಚೀಲ ಎಳೆದುಕೊಂಡು ಓಡಿದರೆ ಮನೆಯವರೆಲ್ಲ ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಬರುವುದಿದ್ದರೆ ಬೇಗ ಬಾರೋ ಎಂದು ಗಂಟಿಗೆ ಹೇಳಿಕೊಳ್ಳುತ್ತಿದ್ದೆ.

"ಕಾಯಿಲೆ ಬರ್ಲಿ ಅಂತ ಕಾಯೋಳನ್ನ ನಿನ್ನೊಬ್ಬಳನ್ನೇ ನೋಡಿದ್ದು" ಎಂದ ಅಣ್ಣ. ಹಾಗೆ ಕಾಯುವ ಹಾಗೆ ಮಾಡಿದವನೇ ಅವನು. ಮೂರು ದಿನ ಅವನ ಜೊತೆ ಮಾತು ಬಿಟ್ಟೆ.

ಆಮೇಲೊಂದು ಬೆಳಿಗ್ಗೆ ಅವನ ಕಾಲುಚೀಲ ಬಿದ್ದಲ್ಲೇ ಬಿದ್ದಿತ್ತು. ಕಳ್ಳ ಸೋಫಾದಡಿಯಿಂದ ಹೊರಗೆ ಬರಲಿಲ್ಲ. ಎಳೆದುಕೊಂಡು ಹೆಬ್ಬೆರಳಿಟ್ಟೆ.

"ಬಂತು!"

ನನ್ನ ದನಿಯಲ್ಲಿ ಖುಷಿಯಿತ್ತು. ನನಗೇ ಕೇಳಿಸಿತು. ಅಣ್ಣ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದ. ಅವನ ಕೈ ಹಿಡಿದೆಳೆದು, ಬೆರಳನ್ನು ಗಂಟಿನ ಮೇಲೆ ಒತ್ತಿದೆ.

"ಮುಟ್ಟಿ ನೋಡಿ, ಡಾಕ್ಟ್ರೇ."

ಅವನು ಬೆರಳು ತೆಗೆಯಲಿಲ್ಲ. ನೊರೆ ಗಲ್ಲಕ್ಕಿಳಿಯಿತು. "ಮೊದಲಿಗಿಂತ ದೊಡ್ಡದಾಗಿದೆ" ಎಂದ ಮೆಲ್ಲಗೆ.

"ಬಾಯಿ ತೊಳ್ಕೊಂಡು ಚಪ್ಪಲಿ ಹಾಕ್ಕೋ" ಎಂದು ಪೆಟ್ಟಿಗೆ ತರಲು ಎದ್ದೆ.