ಸೋಲಾರಿಗೆ ದ್ರಾಕ್ಷಿ ಬಲೆ

ನಮ್ಮ ಮನೆಯಲ್ಲಿ ಊಟಕ್ಕೆ ಮೊದಲು ಎಲ್ಲರೂ ಕೈ ತೊಳೆಯುತ್ತಾರೆ. ನನ್ನ ಗಂಡ ರಾಜರತ್ನ ಮಾತ್ರ ಫೋನು ನೋಡುತ್ತಾನೆ. ಮಾಳಿಗೆಯ ಮೇಲಿನ ಆರು ಸೋಲಾರ್ ಪ್ಯಾನೆಲ್‌ಗಳು ಆ ದಿನ ಎಷ್ಟು ಯೂನಿಟ್ ಕರೆಂಟು ಕೊಟ್ಟವು ಎಂಬುದು ಅದರಲ್ಲಿ ಬರುತ್ತದೆ. ಹದಿಮೂರು ಬಂದಿದ್ದರೆ ಒಂದು ರೊಟ್ಟಿ ಹೆಚ್ಚು ತಿನ್ನುತ್ತಾನೆ. ಹತ್ತಕ್ಕೆ ಇಳಿದಿದ್ದರೆ ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎನ್ನುತ್ತಾನೆ. ಬಬಲೇಶ್ವರದ ಕಚೇರಿಯಲ್ಲಿ ಗುಮಾಸ್ತ. ದಿನವಿಡೀ ಜನರ ಅರ್ಜಿಗಳನ್ನು ತಾಳ್ಮೆಯಿಂದ ಓದಿ, ಮನೆಗೆ ಬಂದು ಮೋಡಗಳ ಮೇಲೆ ಸಿಟ್ಟು ಮಾಡುತ್ತಾನೆ. ನಾನು ಸಾರವಾಡದ ಶಾಲೆಯಲ್ಲಿ ಗಣಿತ ಕಲಿಸುವವಳು, ಅಂಕಿಗಳಿಗೆ ಅಷ್ಟು ಮರ್ಯಾದೆ ನಾನೂ ಕೊಡುವುದಿಲ್ಲ.

ಈ ಸಲ ಜನವರಿಯಲ್ಲಿ ಯೂನಿಟ್ಟು ಇಳಿಯತೊಡಗಿದ್ದಕ್ಕೆ ಮೋಡ ಕಾರಣವಾಗಿರಲಿಲ್ಲ. ನಮ್ಮ ಬಿಜಾಪುರದ ಪಾರಿವಾಳಗಳಿಗೆ ಮಲಗಲು ದೊಡ್ಡ ದೊಡ್ಡ ಗುಮ್ಮಟಗಳಿವೆ, ಆದರೂ ಅವಕ್ಕೆ ನಮ್ಮ ಪ್ಯಾನೆಲ್‌ಗಳ ಅಡಿಯೇ ಬೇಕಾಯಿತು. ಕೆಳಗೆ ನೆರಳು, ಮೇಲೆ ಸೂರು, ನಾಲ್ಕೂ ಕಡೆಯಿಂದ ಗಾಳಿ. ಕಡ್ಡಿ, ಪೊರಕೆಯ ಎಳೆ, ನನ್ನ ಅತ್ತೆ ಚಂದ್ರಾಬಾಯಿ ಬಾಚಿ ಎಸೆದ ಕೂದಲು, ಎಲ್ಲವನ್ನೂ ಹೊತ್ತು ತಂದು ಗೂಡು ಕಟ್ಟಿಕೊಂಡವು. ಗೂಡು ಕೆಳಗೆ, ಹಿಕ್ಕೆ ಮಾತ್ರ ನೇರ ಪ್ಯಾನೆಲ್ ಮೇಲೆ.

ಅದೇ ದಿನಗಳಲ್ಲಿ ನಮ್ಮಪ್ಪ ರಾಯಪ್ಪ ನಮ್ಮ ಮನೆಗೆ ಬಂದಿದ್ದ. ಅವ್ವ ತೀರಿಕೊಂಡ ಮೇಲೆ ಅಪ್ಪ ತಿಕೋಟಾ ಕಡೆಯ ಕಳ್ಳಕವಟಗಿಯಲ್ಲಿ ನನ್ನ ಅಣ್ಣನ ಜೊತೆಗಿದ್ದಾನೆ. ಮೂವತ್ತು ವರ್ಷದಿಂದ ಅವನ ಕೆಲಸ ಒಂದೇ, ದ್ರಾಕ್ಷಿ ಹಣ್ಣಾಗುವ ಕಾಲಕ್ಕೆ ಹಕ್ಕಿ ಬರದಂತೆ ತೋಟಗಳಿಗೆ ಬಲೆ ಹೊದಿಸುವುದು. ತಿಕೋಟಾ ಸುತ್ತಮುತ್ತ ರಾಯಪ್ಪನ ಬಲೆ ಎಂದರೆ ಗುಬ್ಬಿಯೂ ನುಸುಳುವುದಿಲ್ಲ ಎಂದು ಹೆಸರು. ಕಳೆದ ನವೆಂಬರಿನಲ್ಲಿ ಏಣಿಯಿಂದ ಜಾರಿ ಬಿದ್ದು ಮೊಣಕಾಲು ಮುರಿದುಕೊಂಡ. ಆಪರೇಷನ್ ಆಯಿತು. ಮೂಳೆ ಕೂಡಿದ ಮೇಲೆ ಆರು ವಾರ ದಿನಾ ಬಿಜಾಪುರದ ಆಸ್ಪತ್ರೆಗೆ ಬಂದು ಕಾಲಿನ ವ್ಯಾಯಾಮ ಮಾಡಬೇಕು, ಅರ್ಧಕ್ಕೆ ಬಿಟ್ಟರೆ ಕಾಲು ಮಡಚಲು ಬರುವುದಿಲ್ಲ, ಮತ್ತೆ ತೋಟದ ಕೆಲಸ ಮರೆತುಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ದಿನಾ ಬಸ್ಸಿನಲ್ಲಿ ಓಡಾಡುವುದು ಆಗದ ಮಾತು. ಹಾಗಾಗಿ ಆರು ವಾರ ನಮ್ಮಲ್ಲೇ ಇರಬೇಕಾಯಿತು.

ಇರುವುದೇ ಅವನಿಗೆ ಕಷ್ಟವಾಗಿತ್ತು. ಬೀಗರ ಮನೆಯಲ್ಲಿ ಕೈಕಟ್ಟಿ ಕೂತು ಉಣ್ಣುವುದೆಂದರೆ ಅಪ್ಪನಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಅತ್ತೆ ಪಡಸಾಲೆಗೆ ಬಂದರೆ ಇವನು ಅಂಗಳಕ್ಕೆ, ಅತ್ತೆ ಅಂಗಳಕ್ಕೆ ಬಂದರೆ ಇವನು ಬಾಗಿಲಾಚೆ. ಚೀಲದಿಂದ ಒಂದು ಅಂಗಿ ತೆಗೆದರೆ ಮತ್ತೆ ಜಿಪ್ ಎಳೆದಿಡುತ್ತಿದ್ದ. ದಿನಾ ಬೆಳಿಗ್ಗೆ ನನ್ನನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ.

“ಇವತ್ತಿಗೆ ಎಷ್ಟ ದಿನ ಆತವ್ವಾ?”

ಮೆಟ್ಟಿಲು ಹತ್ತುವುದೂ ಒಂದು ವ್ಯಾಯಾಮ ಎಂದು ಡಾಕ್ಟರು ಹೇಳಿದ ಮೇಲೆ ಅಪ್ಪ ಮಾಳಿಗೆಯಲ್ಲೇ ಬಿಡಾರ ಹೂಡಿದ. ಹದಿನಾಲ್ಕನೆಯ ದಿನದ ಊಟದ ಹೊತ್ತಿಗೆ ರಾಜರತ್ನ ಫೋನು ನೋಡಿ ಮುಖ ಸಣ್ಣದು ಮಾಡಿದ.

“ಹತ್ತೂವರಿ. ಪಾರಿವಾಳ ನಮ್ಮನ್ನ ಮುಳುಗಿಸ್ತಾವ. ನಾಳೆ ಜಾಳಿಗಿ ಹಾಕೋ ಕಂಪನಿಯವರಿಗೆ ಹೇಳ್ತೇನಿ.”

ಎರಡು ವಾರದಲ್ಲಿ ಮೊದಲ ಸಲ ಅಪ್ಪ ತಟ್ಟೆಯಿಂದ ತಲೆ ಎತ್ತಿದ. “ಬಲಿ ಕಟ್ಟಾಕ ಕಂಪನಿ ಯಾಕರಿ ಅಳಿಯಂದ್ರ? ನಾ ಇಲ್ಲೇನು?”

ಆ ಮುಖ ನೋಡಿದ ಮೇಲೆ ಬೇಡ ಎನ್ನುವ ಧೈರ್ಯ ಯಾರಿಗಿದೆ! ಅಪ್ಪ ಅಣ್ಣನಿಗೆ ಫೋನು ಮಾಡಿದ. ಮರುದಿನ ಬೆಳಗಿನ ಬಸ್ಸಿಗೆ ತಿಕೋಟಾದಿಂದ ದ್ರಾಕ್ಷಿ ಬಲೆಯ ಒಂದು ಗಂಟು ಬಂತು. ಸಂಜೆ ನಾನು ಶಾಲೆಯಿಂದ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

“ನೋಡವ್ವಾ,” ಎಂದ ಅಪ್ಪ, ಸೊಂಟದ ಮೇಲೆ ಕೈಯಿಟ್ಟು.

ನೋಡಿದೆ. ಆರೂ ಪ್ಯಾನೆಲ್‌ಗಳ ಮೇಲೆ ಹಸಿರು ಬಲೆ ಹೊದಿಸಿದ್ದ. ಒಂದು ಸುಕ್ಕಿಲ್ಲ, ಒಂದು ಸಡಿಲ ಗಂಟಿಲ್ಲ, ಮೂಲೆ ಮೂಲೆಗೂ ಬಿಗಿ. ದ್ರಾಕ್ಷಿ ತೋಟವಾಗಿದ್ದರೆ ಮಾಲೀಕ ಬಂದು ಬೆನ್ನು ತಟ್ಟುತ್ತಿದ್ದ. ನಾನು ನಿಂತು ನೋಡುತ್ತಿರುವಾಗಲೇ ಒಂದು ಪಾರಿವಾಳ ಬಂದು ಕಟ್ಟೆಯ ಮೇಲೆ ಕೂತಿತು, ಬಲೆಯನ್ನು ಒಮ್ಮೆ ನೋಡಿತು, ಇಳಿದು ನೆಟ್ಟಗೆ ನಡೆದುಕೊಂಡು ಪ್ಯಾನೆಲ್ ಅಡಿಗೆ ಹೋಯಿತು. ಅದರ ಹಿಂದೆ ಇನ್ನೊಂದು. ಅಪ್ಪನ ಬೆನ್ನು ಆ ಕಡೆಗಿತ್ತು.

ಮೂವತ್ತು ವರ್ಷ ಮೇಲಿನಿಂದ ಬರುವ ಹಕ್ಕಿಗಳನ್ನೇ ತಡೆದ ಕೈ ಅದು. ಹಣ್ಣು ಮೇಲಿರುತ್ತದೆ, ಹಕ್ಕಿ ಮೇಲಿನಿಂದ ಬರುತ್ತದೆ, ಬಲೆ ಮೇಲೆ ಬೀಳುತ್ತದೆ. ಪ್ಯಾನೆಲ್ಲನ್ನು ಯಾರೂ ತಿನ್ನುವುದಿಲ್ಲ, ಅದರ ಅಡಿಯಲ್ಲಿ ಸಂಸಾರ ಮಾಡುತ್ತಾರೆ ಎಂಬುದು ಅಪ್ಪನಿಗೆ ಹೊಳೆದೇ ಇರಲಿಲ್ಲ. ಈಗ ಪಾರಿವಾಳಗಳಿಗೆ ಹದ್ದಿನ ಹೆದರಿಕೆಯೂ ತಪ್ಪಿತ್ತು.

“ಭಾಳ ಚಂದ ಆಗೇತಿ ಯಪ್ಪಾ,” ಎಂದೆ. ನಾನು ತರಗತಿಯಲ್ಲಿ ತಪ್ಪು ಲೆಕ್ಕಕ್ಕೆ ಕೆಂಪು ಗೆರೆ ಎಳೆಯಲು ಒಂದು ಕ್ಷಣ ಹಿಂದೆಮುಂದೆ ನೋಡುವವಳಲ್ಲ. ಅಪ್ಪನ ಮುಂದೆ ಮಾತ್ರ ಆ ಗೆರೆ ಎಳೆಯಲಾಗಲಿಲ್ಲ.

ಮರುದಿನದ ಊಟಕ್ಕೆ ರಾಜರತ್ನ ಫೋನು ತೆರೆದ. ಎಂಟು ಯೂನಿಟ್. ಬಲೆಯ ನೆರಳು ತನ್ನ ಕೆಲಸ ಮಾಡಿತ್ತು. ಅವನು ಬಾಯಿ ತೆರೆದ, ನಾನು ಅವನ ಕಡೆ ನೋಡಿದೆ, ಅವನು ಅದೇ ಬಾಯಿಗೆ ರೊಟ್ಟಿ ಹಾಕಿಕೊಂಡ. ಬೆಳಿಗ್ಗೆ ಬಸ್ಸಿನಲ್ಲಿ ಮಾತ್ರ ತಡೆಯಲಾಗಲಿಲ್ಲ.

“ಅಲ್ಲ, ಎಷ್ಟ ದಿನ ಹಿಂಗ? ಹೇಳೂದಾದ್ರೂ ಹೇಳು ಅವರಿಗೆ.”

“ಹೇಳಿದ್ರ ಅವತ್ತ ಊರಿಗೆ ಹೊಕ್ಕಾನ. ಕಾಲು ಸೆಟಗೊಂಡು ಕುಂತ್ರ ಏನ್ ಮಾಡೂದು? ನಿಮಗ ಯೂನಿಟ್ಟ ಹೆಚ್ಚೋ, ನಮ್ಮಪ್ಪನ ಕಾಲು ಹೆಚ್ಚೋ?”

ರಾಜರತ್ನ ಒಳ್ಳೆಯವನು. ಕಿಟಕಿಯ ಕಡೆ ತಿರುಗಿ ಸಾರವಾಡ ಬರುವವರೆಗೂ ಆಕಾಶ ನೋಡುತ್ತಾ ಕೂತ.

ಹತ್ತೊಂಬತ್ತನೆಯ ದಿನ, ನಾನು ಎಂಟನೆಯ ತರಗತಿಗೆ ತ್ರಿಭುಜ ಹೇಳಿಕೊಡುತ್ತಿದ್ದಾಗ ಅತ್ತೆಯ ಫೋನು ಬಂತು. ಅತ್ತೆ ಶಾಲೆಯ ವೇಳೆಗೆ ಫೋನು ಮಾಡುವವರೇ ಅಲ್ಲ.

“ವಿಶಾಖಾ, ನಿಮ್ಮಪ್ಪ ಚೀಲ ತಗೊಂಡು ಹೊಂಟ್ರು. ಮುಂಜಾನಿಂದ ಮಾಳಗಿ ಮ್ಯಾಲೆ ಪಾರಿವಾಳ ನೋಡ್ಕೋತ ಕುಂತಿದ್ರು. ಕೆಳಗ ಬಂದವರು ಒಂದ ಮಾತ ಆಡಲಿಲ್ಲ. ಚಾ ಬ್ಯಾಡ ಅಂದ್ರು. ನಾ ಹಿಡಿದು ನಿಲ್ಲಿಸಾಕ ಆಕ್ಕೈತೇನು?”

ಹೆಡ್‌ಮಾಸ್ತರರಿಗೆ ಏನು ಹೇಳಿದೆನೋ ನೆನಪಿಲ್ಲ. ಸಿಕ್ಕ ಬಸ್ಸು ಹತ್ತಿ ಬಿಜಾಪುರದ ಸ್ಟ್ಯಾಂಡಿಗೆ ಬಂದೆ. ಅಪ್ಪ ತಿಕೋಟಾ ಬಸ್ಸು ನಿಲ್ಲುವ ಕಡೆ, ಕಾಲು ಚಾಚಿಕೊಂಡು ಬೆಂಚಿನ ಮೇಲೆ ಕೂತಿದ್ದ.

“ಎಲ್ಲಿಗೆ ಹೊಂಟಿ?”

“ಊರಿಗೆ.”

“ಮೊಣಕಾಲು?”

“ಅದೂ ನನ್ನ ಜೊತಿಗೆ ಬರ್ತೈತಿ.”

ಪಕ್ಕದಲ್ಲಿದ್ದ ಹೆಂಗಸು ನಕ್ಕಳು. ನನಗೆ ನಗು ಬರಲಿಲ್ಲ. ಅಪ್ಪ ನೆಲ ನೋಡುತ್ತಾ ಹೇಳಿದ, “ಗಾಜಿನ ಮ್ಯಾಲೆ ಬಲಿ ಹೊಚ್ಚೇನಿ. ತಿನ್ನಾಕ ಅಲ್ಲಿ ಏನೈತಿ ಅಂತ ನನಗ ತಿಳೀಲಿಲ್ಲ. ನಿನಗ ಅವತ್ತ ತಿಳಿದಿತ್ತು, ಹೌದಲ್ಲೋ?”

“ತಿಳಿದಿತ್ತು.”

“ಚಂದ ಆಗೇತಿ ಅಂದಿ.”

ಅದನ್ನು ಅವನು ಬೈಗುಳದಂತೆ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ ಹೇಳಿದ. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ನನ್ನ ಸ್ವಭಾವ ಗೊತ್ತಿದೆಯಲ್ಲ, ಸಿಟ್ಟೇ ಗೆದ್ದಿತು.

“ಹೌದು, ಸುಳ್ಳು ಹೇಳಿದೆ! ಖರೇ ಹೇಳಿದ್ರ ನೀ ಹಿಂಗ ಚೀಲ ಹಿಡೀತಿದ್ದಿ, ಅದಕ್ಕ ಹೇಳಿದೆ. ಒಂದ ಕೆಲಸ ತಪ್ಪಿದ್ರ ಓಡಿ ಹೋಗೂದೇನು? ಕಟ್ಟಿದ ಬಲಿ ಬಿಚ್ಚವ್ರ್ಯಾರು? ನಾನೋ? ನಮ್ಮತ್ತಿನೋ?”

ಬಸ್ಸಿಗೆ ಕಾಯುತ್ತಿದ್ದವರೆಲ್ಲ ಈಗ ನಮ್ಮ ಕಡೆಗೇ ತಿರುಗಿದ್ದರು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಅತ್ತೆ.

“ಬೀಗರಿಗೆ ಕೊಡು,” ಎಂದರು. ಅತ್ತೆಯ ದನಿ ಫೋನಿಲ್ಲದೆಯೂ ಸ್ಟ್ಯಾಂಡಿಗೆ ಕೇಳುತ್ತದೆ. “ಬೀಗರ, ಜೈಭೀಮ. ಬಲಿ ನಾನ ಬಿಚ್ಚೋಣಂತ ಮ್ಯಾಲೆ ಬಂದೆ. ಬಗ್ಗಿ ನೋಡಿದ್ರ ಕೆಳಗ ಎರಡು ಮರಿ ಅದಾವರಿ. ಬಾಯಿ ತಕ್ಕೊಂಡು ನನ್ನ ನೋಡಾಕತ್ತಾವ. ನಾ ಏನ್ ಮಾಡ್ಲಿ?”

ಅಪ್ಪ ನೆಟ್ಟಗೆ ಕೂತ. “ಮುಟ್ಟಬ್ಯಾಡ್ರಿ ಅಕ್ಕಾರ. ಕಣ್ಣ ತೆರದಾವೇನು?”

“ತೆರದಾವರಿ.”

“ಮೈಮ್ಯಾಲೆ ಹಳದಿ ಕೂದಲೋ, ಪುಕ್ಕ ಮೂಡ್ಯಾವೋ?”

“ಹಳದಿ ಐತಿ. ರೆಕ್ಕಿ ಹತ್ರ ಮುಳ್ಳ ಇದ್ದಂಗ ಕಾಣ್ತಾವ.”

“ಹಂಗಾರ ವಾರದ ಮ್ಯಾಲಾಗೇತಿ. ಈಗ ಬಲಿ ಜಗ್ಗಿದ್ರ ತಾಯಿ ಹೆದರಿ ಬಿಟ್ಟು ಹೊಕ್ಕೈತಿ. ನೀವು ಕೆಳಗ ಇಳೀರಿ, ನಾ ಬಂದೆ.”

ಎದುರಿಗೆ ತಿಕೋಟಾ ಬಸ್ಸು ಬಂದು ನಿಂತು, ಜನ ತುಂಬಿಕೊಂಡು ಹೋಯಿತು. ಅಪ್ಪ ಆ ಕಡೆ ತಿರುಗಿಯೂ ನೋಡದೆ ಆಟೊ ಕೂಗಿದ.

ಮನೆಗೆ ಬಂದು ಒಂದು ತಾಸು ತೆಗೆದುಕೊಂಡು, ಸದ್ದಾಗದ ಹಾಗೆ ಬಲೆ ಬಿಚ್ಚಿದ. ಆಮೇಲೆ ಅದನ್ನೇ ಕತ್ತರಿಸಿ ಪ್ಯಾನೆಲ್‌ಗಳ ಮೂರು ಬದಿಗೆ, ಚೌಕಟ್ಟಿನಿಂದ ನೆಲದವರೆಗೆ ಇಳಿಬಿಟ್ಟು ಕಟ್ಟಿದ. ಒಂದು ಬದಿ ತೆರೆದೇ ಬಿಟ್ಟ. ಮರಿಗಳ ತಾಯಿ ಬಂದು ಹೋಗಬೇಕಲ್ಲ. ಇನ್ನು ಇಪ್ಪತ್ತು ಇಪ್ಪತ್ತೈದು ದಿನಕ್ಕೆ ಹಾರುತ್ತವೆ, ಹಾರಿದ ದಿನ ಗೂಡು ತೆಗೆದು ಆ ಬದಿಯನ್ನೂ ಮುಚ್ಚುತ್ತೇನೆ ಎಂದ. ನಾನು ಮನಸ್ಸಿನಲ್ಲೇ ಕಳೆದು ನೋಡಿದೆ. ವ್ಯಾಯಾಮಕ್ಕೆ ಉಳಿದದ್ದು ಇಪ್ಪತ್ಮೂರು ದಿನ. ಆ ಎರಡು ಮರಿಗಳ ಮೇಲೆ ನನಗೆ ಹುಟ್ಟಿದ ಪ್ರೀತಿ ಇಷ್ಟಿಷ್ಟಲ್ಲ.

ರಾಜರತ್ನ ಭಾನುವಾರ ಹಿಕ್ಕೆ ತೊಳೆದ. ಹನ್ನೆರಡೂವರೆ ಬಂತು. ಪಲ್ಯದ ಉಪ್ಪು ಸರಿಹೋಯಿತು. ಅಪ್ಪ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಬಂದವನೇ ಮಾಳಿಗೆ ಹತ್ತುತ್ತಿದ್ದ. ಹನ್ನೊಂದು ಗಂಟೆಗೆ ಅತ್ತೆ ಎರಡು ಕಪ್ಪು ಚಹಾ ಹಿಡಿದು ಮೇಲೆ ಹೋಗುತ್ತಿದ್ದರಂತೆ. ಮೊದಮೊದಲು ಮಾತೆಲ್ಲ ಮರಿಗಳದ್ದೇ. ಎರಡನೆಯ ವಾರಕ್ಕೆ ಅದು ಒಣದ್ರಾಕ್ಷಿಗೆ ಬಂತು, ಅಲ್ಲಿಂದ ನನ್ನ ತೀರಿಹೋದ ಮಾವನ ಸಿಟ್ಟಿಗೆ, ಅಲ್ಲಿಂದ ನಾನು ಚಿಕ್ಕವಳಿದ್ದಾಗ ಎಷ್ಟು ಹಟಮಾರಿಯಾಗಿದ್ದೆ ಎಂಬಲ್ಲಿಗೆ. ಸಂಜೆ ನಾನು ಮನೆಗೆ ಬಂದರೆ ಇಬ್ಬರೂ ನನ್ನ ಮುಖ ನೋಡಿ ನಗುತ್ತಿದ್ದರು.

ಆರು ವಾರ ಮುಗಿಯಿತು. ಡಾಕ್ಟರು ಕಾಲು ಮಡಚಿಸಿ, ಚಾಚಿಸಿ ನೋಡಿ, ಇನ್ನು ಬರಬೇಕಾಗಿಲ್ಲ, ಊರಿಗೆ ಹೋಗಬಹುದು ಎಂದರು.

“ಮರಿ?” ಎಂದು ಕೇಳಿದೆ ಅಪ್ಪನನ್ನು.

“ರೆಕ್ಕಿ ಇನ್ನ ಗಟ್ಟಿ ಆಗಿಲ್ಲವ್ವಾ. ಎರಡು ದಿನ ತಡೀಬೇಕು.”

ಎರಡು ದಿನ ಬಿಟ್ಟು ಕೇಳಿದರೆ ಮತ್ತೆ ಎರಡು ದಿನ. ಮುಂದಿನ ಭಾನುವಾರ ಮೆಣಸಿನಕಾಯಿ ಒಣಗಲು ಹಾಕೋಣವೆಂದು ನಾನೇ ಮೇಲೆ ಹೋದೆ. ತೆರೆದ ಬದಿಯಿಂದ ಬಗ್ಗಿ ನೋಡಿದೆ. ಗೂಡು ಖಾಲಿ. ಕಡ್ಡಿಗಳ ಮೇಲೆ ಇರುವೆ ಓಡಾಡುತ್ತಿದ್ದವು. ಹಿಕ್ಕೆ ಒಣಗಿ ಬೆಳ್ಳಗಾಗಿತ್ತು. ತಿರುಗಿದರೆ ಹಿಂದೆ ಅಪ್ಪ ನಿಂತಿದ್ದ.

“ಯಪ್ಪಾ, ಮರಿ ಎಲ್ಲಿ?”

“ಹಾರಿದುವು.”

“ಯಾವಾಗ?”

“ಬುಧವಾರ,” ಎಂದ ಅಪ್ಪ, ಆಕಾಶ ನೋಡುತ್ತಾ.

“ಸೋಮವಾರರಿ ಬೀಗರ,” ಎಂದರು ಅತ್ತೆ, ಚಹಾ ಹಿಡಿದು ಮೆಟ್ಟಿಲು ಹತ್ತುತ್ತಾ. ಅಂದರೆ ಇವರಿಗೂ ಗೊತ್ತಿತ್ತು!

ನಕ್ಕುಬಿಟ್ಟೆ. “ಮತ್ತ ಯಾಕ ಹೇಳಲಿಲ್ಲ?”

ಅಪ್ಪ ಬಲೆಯ ಅಂಚು ಸವರಿದ. “ಹೇಳಿದ್ರ ಈ ಬದಿ ಮುಚ್ಚಬೇಕಾಕ್ಕಿತ್ತು. ಮುಚ್ಚಿದ ಮ್ಯಾಲೆ ನನಗ ಇಲ್ಲಿ ಏನ್ ಕೆಲಸ?”

ನನ್ನ ನಗು ಅಲ್ಲೇ ನಿಂತಿತು. ಓಡಿಹೋಗಲು ಚೀಲ ಹಿಡಿದಿದ್ದ ನಮ್ಮಪ್ಪನಿಗೆ ನನ್ನ ಮನೆಯಲ್ಲಿ ಇನ್ನೂ ನಾಲ್ಕು ದಿನ ಇರುವ ಆಸೆಯಾಗಿತ್ತು. ಇರುತ್ತೇನೆ ಎನ್ನಲು ಬಾಯಿ ಬರದೆ ಹಾರಿಹೋದ ಮರಿಗಳನ್ನು ವಾರವಿಡೀ ಗೂಡಿನಲ್ಲಿ ಕೂರಿಸಿಕೊಂಡಿದ್ದ.

“ಮಗಳ ಮನ್ಯಾಗ ಇರಾಕ ಕೆಲಸ ಬೇಕೇನು ಯಪ್ಪಾ? ಮುಚ್ಚು ಇದನ್ನ. ನಾ ಹಿಡೀತೇನಿ, ನೀ ಕಟ್ಟು.”

ಗೂಡು ತೆಗೆದು ಕಸದ ಬುಟ್ಟಿಗೆ ಹಾಕಿದೆವು. ಉಳಿದ ಬದಿಗೆ ಬಲೆ ಇಳಿಬಿಟ್ಟು ನಾನು ಎಳೆದು ಹಿಡಿದೆ. ಅಪ್ಪ ಮೊಣಕಾಲು ಮಡಚಿ ಕೂತು ಒಂದೊಂದೇ ಗಂಟು ಹಾಕಿದ. ಇಷ್ಟು ಸಲೀಸಾಗಿ ಕೂತದ್ದನ್ನು ನಾನು ಆಪರೇಷನ್ ಆದ ಮೇಲೆ ನೋಡಿಯೇ ಇರಲಿಲ್ಲ. ಕೊನೆಯ ಗಂಟು ಬಿಗಿದು, ತಲೆ ಎತ್ತದೆ ಕೇಳಿದ.

“ನಾಳೆ ಏನ್ ಮಾಡ್ಲಿ ಹಂಗಾರ?”

“ಏನೂ ಮಾಡಬ್ಯಾಡ. ಸುಮ್ನ ಇರು.”

ಅಪ್ಪ ಆಗಲಿ ಎನ್ನುವಂತೆ ತಲೆಯಾಡಿಸಿದ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ, ಅತ್ತೆಯ ಕೈಯಿಂದ ಚಹಾ ಇಸಿದುಕೊಂಡ.