ಒಂಬತ್ತನೇ ಮೀಟರಿನ ಕಲ್ಲು

ಅವಳು ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ನೆಲದಾಳದಿಂದ ಕೊರೆದು ತೆಗೆದ ಕಲ್ಲಿನ ತುಂಡುಗಳನ್ನು ಬ್ರಷ್ಷಿನಿಂದ ಉಜ್ಜಿ ತೊಳೆದು ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸುತ್ತಿದ್ದಳು. ಎಂಟು ಮೀಟರಿನವರೆಗೆ ಬರೀ ಕೊಳೆತ ಕಲ್ಲು. ಬೆರಳಲ್ಲಿ ಹಿಸುಕಿದರೆ ರಸ್ಕಿನ ಹಾಗೆ ಪುಡಿ. ಒಂಬತ್ತನೆಯದು ಗಟ್ಟಿ ಕಲ್ಲು. ಅದರ ನೆತ್ತಿಗೆ ತುಕ್ಕುಬಣ್ಣದ ಸಿಪ್ಪೆ.

ಅವಳ ಕೈ ನಿಂತಿತು.

ಇಂಥದೇ ತುಂಡನ್ನು ನಾಲ್ಕು ವರ್ಷದ ಹಿಂದೆ ಇದೇ ಕಣಿವೆಯಲ್ಲಿ ತೊಳೆದಿದ್ದಳು. ಆಗಲೂ ಕೊರೆಸುವ ಮೇಸ್ತ್ರಿ ಅವಳ ಭಾವನೇ. "ತಳದ ಬಂಡೆ ಸಿಕ್ಕಿತು" ಎಂದು ಬರೆದು ಯಂತ್ರ ಎತ್ತಿಸಿದ್ದ. ಅದರ ಮೇಲೆದ್ದ ಕಟ್ಟಡದಲ್ಲೇ ಅಕ್ಕನ ಸಂಸಾರ. ಹೋದ ವರ್ಷ ಭೂಕಂಪವಾದಾಗ, ಗುಡ್ಡದ ಮೇಲೆ ಬರಿಬಂಡೆಗೆ ಕಟ್ಟಿದ ಮನೆಗಳಲ್ಲಿ ಲೋಟಗಳು ಉರುಳಿದವು, ಅಷ್ಟೇ. ಬೋಗುಣಿಯಂಥ ಕಣಿವೆಯೊಳಗೆ ನಡುಕ ಆಚೀಚೆ ಗುಡ್ಡಗಳಿಗೆ ಬಡಿದು ಬಡಿದು ಹಿಂದಿರುಗಿತು, ಮೆತ್ತನೆಯ ನೆಲದಲ್ಲಿ ಹಲವು ಪಟ್ಟು ಬೆಳೆಯಿತು. ಕಟ್ಟಡ ಕುಸಿದು ಅಕ್ಕ ಅಲ್ಲೇ ಹೋದಳು. ಪಾಯ ಬಗೆದಾಗ ಕಂಡದ್ದು ಬಂಡೆಯಲ್ಲ. ಕೊಳೆಯದೆ ಉಳಿದಿದ್ದ, ಎಮ್ಮೆ ಗಾತ್ರದ ಒಂಟಿ ಗುಂಡುಕಲ್ಲು. ಕೆಳಗೆ ಮತ್ತೆ ಪುಡಿಯೇ. "ನಾನು ಕೊರೆಸಿದ್ದು ಬಂಡೆಯೇ, ಭೂಕಂಪಕ್ಕೆ ಗುಡ್ಡದಿಂದ ಉರುಳಿ ಬಂದದ್ದು ಅದು" ಎಂದು ಭಾವ ಇವತ್ತಿಗೂ ಹೇಳುತ್ತಾನೆ.

ಈಗ ಮನೆ ಕಳೆದುಕೊಂಡವರಿಗೆ ಇಲ್ಲಿ ಮೂರಂತಸ್ತು ಏಳಲಿದೆ. ಅದರಲ್ಲೊಂದು ಮನೆ ಭಾವನಿಗೂ ಅಕ್ಕನ ಮಗಳಿಗೂ.

"ಭಾವ, ಇದೂ ಗುಂಡೇ ಅನ್ಸುತ್ತೆ. ಕಲ್ಲು ಸಿಕ್ಕ ಮೇಲೂ ಮೂರು ಮೀಟರ್ ಇಳೀಬೇಕು ಅಂತ ನೀವೇ ಹೇಳ್ತಿದ್ರಿ. ಒಂದೇ ಇಳಿದಿದೀರಿ."

ಯಂತ್ರ ನಡೆಸುವ ಸೊಟ್ಟಮೂಗ ಕಿಸಕ್ಕೆಂದ. "ಬಕೆಟ್ ಇಂಜಿನಿಯರ್ ಬಂದ್ರು, ದಾರಿ ಬಿಡ್ರಪ್ಪಾ! ಎಷ್ಟನೇ ಕ್ಲಾಸು ಓದಿದೀಯಮ್ಮಾ?"

"ಏಳು."

"ಹಾಗಾದ್ರೆ ಏಳು ಮೀಟರಿನ ತನಕ ಮಾತ್ರ ಮಾತಾಡು."

ಭಾವ ನಗಲಿಲ್ಲ. ಪೆಟ್ಟಿಗೆಯತ್ತ ನೋಡಲೂ ಇಲ್ಲ. "ಇದು ಗುಂಡು ಅಂದ್ರೆ ಅವತ್ತಿನದೂ ಗುಂಡೇ ಅಂದಂಗಾಯ್ತು. ನಿಮ್ಮಕ್ಕನ್ನ ನಾನೇ ಕೊಂದೆ ಅಂತೀಯಾ?"

ಹೌದು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಅವನು ಹಾಳೆಯಲ್ಲಿ ಒಂಬತ್ತರ ಎದುರು "ಬಂಡೆ" ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದ. ಸೊಟ್ಟಮೂಗ ಕೊಳವೆಗಳನ್ನು ಕಳಚಿ ಲಾರಿಗೆ ಎಸೆಯತೊಡಗಿದ.

"ಮಗು ಮಲಗೋ ಜಾಗ ಭಾವ, ಇನ್ನೆರಡು ಮೀಟರ್ ಕೊರೀರಿ," ಎಂದಳು.

ಇನ್ನೊಂದು ಕೊಳವೆ ಲಾರಿಗೆ ಬಿತ್ತು.

"ಎರಡೇ ಮೀಟರ್, ಭಾವ."