ಖಂಡೆ ಪೂಜೆಗೆ ಬಂದ್ ಮಾಡಿದ ಕಂಪ್ಯೂಟರ್

ಗಂಟಲಿನ ಆಪರೇಶನ್ನಿಗೆ ಹೋಗುವ ಮುನ್ನ ನಿರುಪಮಾಬಾಯಿ ತಮಗೆ ಬರುವ ತೊಟ್ಟಿಲ ಹಾಡುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹಾಡಿಟ್ಟರು. ಆಮೇಲೆ ಧ್ವನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು, ಉಳಿಯಲಿಲ್ಲ. ಗೋಪನಕೊಪ್ಪದ ಆ ಓಣಿಯಲ್ಲಿ ಅವರ ಹಾಡಿಲ್ಲದೆ ಯಾವ ಕೂಸಿಗೂ ಹೆಸರಿಟ್ಟಿರಲಿಲ್ಲ.

ಗಂಡ ಏಕನಾಥರಾಯರು ನಿವೃತ್ತ ಗಣಿತ ಮಾಸ್ತರರು. ಪತ್ರಿಕೆಯೊಂದರ ಜೊತೆ ಬಂದ ಸಿಡಿಯಿಂದ, ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಂಡು, ಅದರ ಗುಣಗಾನದಿಂದ ಓಣಿಯವರ ತಲೆ ತಿನ್ನುತ್ತಿದ್ದರು. ಹಾಡುಗಳಿಂದ ಜಾಗ ತುಂಬಿ ಯಂತ್ರ ತಡವರಿಸತೊಡಗಿದಾಗ ಅಣ್ಣನ ಮಗ ಮಿಲಿಂದ ಧಾರವಾಡದಿಂದ ಬಂದ. ಹಾಡುಗಳಿದ್ದ 'ಹೋಮ್' ಎಂಬ ಫೋಲ್ಡರನ್ನು ಡಿಸ್ಕಿನ ಇನ್ನೊಂದು ಭಾಗವಾದ ಖಾಲಿ ಪಾರ್ಟಿಶನ್ನಿಗೆ ಸಾಗಿಸಿ, ಹಳೆಯದನ್ನು ಅಳಿಸಿ, ಹೊಸದನ್ನು ಅದೇ ಹೆಸರಿಗೆ ಜೋಡಿಸಿದ.

"ಕಾಕಾ, ಈ ಜೋಡಣಿ ಸದ್ಯಕ್ಕಷ್ಟರಿ. ನಾಕ ದಿನ ನಡದದ್ದು ನೋಡಿ, ದಸರಾ ಮುಗಿಸಿ ಬಂದು ಕಾಯಂ ಮಾಡ್ತೀನಿ. ಅಲ್ಲೀತನಕ ಕಂಪ್ಯೂಟರ್ ಬಂದ್ ಮಾಡಬ್ಯಾಡ್ರಿ."

"ಆತಪಾ," ಎಂದರು ರಾಯರು.

ಖಂಡೆ ಪೂಜೆ ಬಂತು. ಅಂದು ಆಯುಧಕ್ಕೆ ವಿಶ್ರಾಂತಿ ಕೊಡುವುದು ಅವರ ಮನೆಯ ಪದ್ಧತಿ, ಕತ್ತರಿಯನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಮಿಲಿಂದನ ಮಾತು ಮರೆತು ರಾಯರು ಕಂಪ್ಯೂಟರ್ ಬಂದ್ ಮಾಡಿ, ಒರೆಸಿ, ಚೆಂಡುಹೂವಿನ ಮಾಲೆ ಹಾಕಿದರು. ಮರುದಿನ ಹಚ್ಚಿದರೆ ಹೋಮ್ ಖಾಲಿ, ಒಂದು ಹಾಡೂ ಇಲ್ಲ.

ಹುಡುಗನಿಗೆ ಒಂದು ಫೋನ್ ಮಾಡಬೇಕಿತ್ತು. ಮಾಸ್ತರರಲ್ಲವೇ, ಹೇಳಿ ಅಭ್ಯಾಸ, ಕೇಳಿ ಅಭ್ಯಾಸವಿಲ್ಲ. ಅವನೇ ಕೆಡಿಸಿದ, ಹಾಡು ಹೋದವು ಎಂದು ತಾವೇ ತೀರ್ಮಾನಿಸಿದರು. ಸಿಟ್ಟಿನ ಭರದಲ್ಲಿ ಸಿಡಿ ತುರುಕಿ, ಇಡೀ ಡಿಸ್ಕ್ ಅಳಿಸಿ ಲಿನಕ್ಸನ್ನು ಮೊದಲಿನಿಂದ ಹಾಕಿದರು.

ದಸರಾ ಮುಗಿಸಿ ಬಂದ ಮಿಲಿಂದ ಡಿಸ್ಕನ್ನೆಲ್ಲ ತಡಕಾಡಿ ನೋಡಿದ.

"ಹಾಡು ಎಲ್ಲೂ ಹೋಗಿರಲಿಲ್ಲರಿ ಕಾಕಾ. ಬಂದ್ ಮಾಡಿದ್ದಕ್ಕ ಜೋಡಣಿ ಬಿಟ್ಟಿತ್ತು. ಮತ್ತ ಜೋಡಿಸಿದ್ರ ಅಲ್ಲೇ ಇರ್ತಿದ್ದುವು."

"ಈಗ?"

"ಈಗ ಇಲ್ಲರಿ."

ನಿರುಪಮಾಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಬೈಯಲಿಕ್ಕೂ ಅವರಿಗೆ ಧ್ವನಿ ಇರಲಿಲ್ಲ. ಪಾಪ, ಬೈದಿದ್ದರೆ ರಾಯರಿಗೆ ಎಷ್ಟೋ ಹಗುರಾಗುತ್ತಿತ್ತು.

ದೀಪಾವಳಿ ಕಳೆದ ಮೇಲೆ ಪಕ್ಕದ ಮನೆಯ ದಾನವ್ವ ಮೊಮ್ಮಗಳಿಗೆ ಹೆಸರಿಡುವ ತೊಟ್ಟಿಲ ಕಾರ್ಯಕ್ಕೆ ಇಬ್ಬರನ್ನೂ ಕರೆದಳು. "ಹಾಡು ಇಲ್ಲದಿದ್ರೂ ಚಿಂತಿಲ್ಲರಿ ಬಾಯಾರ, ನೀವು ತೊಟ್ಟಿಲಾ ತೂಗ್ರಿ ಸಾಕು," ಎಂದಳು.

ನಿರುಪಮಾಬಾಯಿ ತೊಟ್ಟಿಲ ಹಗ್ಗ ಹಿಡಿದು ತೂಗಿದರು. ತುಟಿ ಅಲುಗಿದವು. ರಾಯರಿಗೆ ತಡೆಯಲಾಗಲಿಲ್ಲ, ಹೆಂಡತಿಯ ತುಟಿ ನೋಡುತ್ತ ಒಡೆದ ದನಿಯಲ್ಲಿ ಹಾಡಿನ ಮೊದಲ ಸಾಲು ಎತ್ತಿದರು. ಆಕೆ ತಲೆಯಾಡಿಸಿ, ಮುಂದಿನ ಸಾಲಿಗಾಗಿ ಅವರ ಮುಖ ನೋಡಿದರು.

ಜೀವಮಾನವಿಡೀ ಪಕ್ಕದಲ್ಲೇ ಕೇಳಿದ ಹಾಡು. ಮುಂದಿನ ಸಾಲು ರಾಯರಿಗೆ ಗೊತ್ತಿರಲಿಲ್ಲ.